ಆಚೆ ದಡದ ಪುಸ್ತಕ

ಫೆಬ್ರವರಿ 3

ಮರಿಗೆ,

ನಲವತ್ತು ದಾಟಿ ತಲೆ ಬೋಳಾಗುತ್ತಿರುವವನನ್ನು ಮರಿ ಎಂದು ಕರೆಯಲು ನನಗೂ ಒಂದು ಥರಾ ಆಗುತ್ತದೆ. ಆದರೆ ನಿಮ್ಮಣ್ಣ ಕೊನೆಯವರೆಗೂ ಹಾಗೇ ಕರೆದರು. ಈ ವಯಸ್ಸಿನಲ್ಲಿ ನಿನಗೆ ಹೊಸ ಹೆಸರು ಹುಡುಕುತ್ತಾ ಕೂರಲು ನನ್ನಿಂದಾಗದು. ಫೋನು ಮಾಡಬಹುದಿತ್ತು. ಮಾಡಿದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತು. ನೀನು "ಹೂಂ ಅತ್ತಿಗೆ" ಅನ್ನುತ್ತೀಯ, ನಾನು "ಮತ್ತೆ?" ಅನ್ನುತ್ತೇನೆ, ಆಮೇಲೆ ಒಬ್ಬರ ಉಸಿರು ಒಬ್ಬರು ಕೇಳಿಸಿಕೊಂಡು ಇಟ್ಟುಬಿಡುತ್ತೇವೆ. ಅದಕ್ಕೇ ಕಾಗದ.

ವಿಷಯ ಇಷ್ಟು. ಅವರ ಹೆಸರಿಗೆ ಒಂದು ಟಪಾಲು ಬಂದಿದೆ. ಅವರು ಹೋಗಿ ಆರು ತಿಂಗಳಾಗುತ್ತಾ ಬಂತು, ಕಳಿಸಿದವರಿಗೆ ಅದು ಗೊತ್ತಿಲ್ಲ. ಯಾವುದೋ ಪ್ರಕಾಶನದವರು. ಇದ್ದದ್ದು ಇದ್ದ ಹಾಗೆ ನಕಲು ಮಾಡುತ್ತೇನೆ:

"ತೇಲುನಾಡು ಆಟದ ಮಾನ್ಯ ಬಳಗಕ್ಕೆ. ಬಹುಕಾಲದಿಂದ ನಿರೀಕ್ಷಿತವಾಗಿರುವ 'ಆಚೆ ದಡ' ಎಂಬ ಪೂರಕ ಸಂಪುಟವು ಚಿತ್ರಕಾರರ ಅನಾರೋಗ್ಯದ ನಿಮಿತ್ತ ಇನ್ನಷ್ಟು ತಡವಾಗಲಿದೆ. ದೋಣಿಗಾತಿಯು ನಿಮ್ಮನ್ನು ಮರೆತಿಲ್ಲ. ತಮ್ಮ ತಾಳ್ಮೆಗೆ ನಾವು ಋಣಿಗಳು."

ತಲೆ ಬುಡ ಅರ್ಥವಾಗಲಿಲ್ಲ. ಪ್ರತಿ ಶನಿವಾರ ಅವರು ನಿಮ್ಮೂರಿಗೆ ಬಂದು ನಿನ್ನ ಹಾಸಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಏನೋ ಆಟ ಆಡುತ್ತಿದ್ದರು ಎಂಬುದಷ್ಟೇ ನನಗೆ ಗೊತ್ತು. ಏನು ಆಟ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಶನಿವಾರ ನನಗೆ ಎರಡು ಪಾಳಿ. ಇಡೀ ದಿನ "ಒಳಗೆ ನಡೀರಿ, ಮಧ್ಯ ಖಾಲಿ ಇದೆ, ಬಾಗಿಲಲ್ಲಿ ಏನು ಗಂಟು ಇಟ್ಟಿದೀರಾ" ಎಂದು ಬಸ್ಸಿನಲ್ಲಿ ಕೂಗಿ ಕೂಗಿ ಮನೆಗೆ ಬರುವಷ್ಟರಲ್ಲಿ ನನ್ನ ಗಂಟಲು ಕಟ್ಟಿರುತ್ತಿತ್ತು.

ಕೇಳಬೇಕಾದ್ದು ಬೇರೆ. ಈ ದೋಣಿಗಾತಿ ಯಾರು? ಎರಡು ವರ್ಷದ ಹಿಂದೆ ನಾನು ಬಟ್ಟೆ ಒಣಹಾಕುತ್ತಿದ್ದಾಗ ಅವರು ಬಾಲ್ಕನಿಯ ಆ ತುದಿಯಲ್ಲಿ ನಿಂತು ಫೋನಿನಲ್ಲಿ ಹೇಳುತ್ತಿದ್ದರು: "ಅವಳಿಲ್ದೆ ಹೇಗ್ರೀ ಡಾಕ್ಟ್ರೇ? ಅವಳು ಬಂದ್ರೇನೇ ಶನಿವಾರಕ್ಕೆ ಕಳೆ. ದೋಣಿಗಾತಿ ಬಾಯಿ ಬಿಟ್ಲು ಅಂದ್ರೆ ನಂಗೆ ಅಷ್ಟೇ ಸಾಕು." ಹೀಗೆ ಹೇಳಿ ನಕ್ಕರು. ಆ ನಗು ನಮ್ಮ ಮನೆಯಲ್ಲಿ ನಾನು ಹೆಚ್ಚು ಕೇಳಿದ್ದಲ್ಲ. ಬಸ್ಸು ತುಂಬ ಜನರ ಬಾಯಿ ಮುಚ್ಚಿಸುವವಳಿಗೆ ಒಬ್ಬ ಗಂಡನನ್ನು ಕೇಳಲು ಬಾಯಿ ಬರಲಿಲ್ಲ. ಈಗ ಅವರಿಲ್ಲ, ನೀನಿದ್ದೀಯ. ಸುತ್ತಿ ಬಳಸದೆ ಹೇಳು.

ಅತ್ತಿಗೆ


ಫೆಬ್ರವರಿ 12

ಅತ್ತಿಗೆಗೆ ನಮಸ್ಕಾರ.

ಮೊದಲು ನಿಮಗೆ ಬೇಕಾದ್ದನ್ನು ಬರೆದುಬಿಡುತ್ತೇನೆ, ಉಳಿದದ್ದನ್ನು ನೆಮ್ಮದಿಯಿಂದ ಓದಿ. ದೋಣಿಗಾತಿ ನಮ್ಮ ಆಟದ ಪುಸ್ತಕದೊಳಗಿನ ಒಂದು ಪಾತ್ರ. ಅವಳ ಬಗ್ಗೆ ಅಲ್ಲಿ ನಾಲ್ಕೇ ಸಾಲು ಇದೆ. ಬಿಳಿ ಮುಸುಕು ಹಾಕಿದ, ಮುಖ ಕಾಣದ, ಮಾತನಾಡದ ಹೆಂಗಸು, ಹೊಳೆ ದಾಟಿಸುತ್ತಾಳೆ. ಅಷ್ಟೇ.

ನಮ್ಮದು ಬಾಯಲ್ಲಿ ಆಡುವ ಆಟ. ಹಲಗೆ ಇಲ್ಲ, ಕಾಯಿ ಇಲ್ಲ, ಗೆಲ್ಲುವವರೂ ಇಲ್ಲ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಹೋಗುತ್ತೇವೆ. "ನಿಮ್ಮ ಮುಂದೆ ಮುಚ್ಚಿದ ಬಾಗಿಲಿದೆ" ಎಂದು ಅಣ್ಣ ಅನ್ನುತ್ತಿದ್ದ. "ಒಡೀತೀನಿ" ಎಂದು ಲೆಕ್ಕದ ಟೀಚರು. ಒಡೆಯಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಸಣ್ಣ ಅಂಕಿ ಬಿದ್ದರೆ ಟೀಚರ ಭುಜ ಮುರಿಯುತ್ತದೆ, ದೊಡ್ಡದು ಬಿದ್ದರೆ ಬಾಗಿಲು. ಇರುವೆಗೂ ದಾರಿ ಬಿಟ್ಟು ನಡೆಯುವ ಆ ರಿಟೈರ್ಡ್ ಟೀಚರು ಆಟದಲ್ಲಿ ಮಹಾ ಸಿಡುಕಿನ ಕತ್ತಿವೀರ. ಹಲ್ಲಿನ ಡಾಕ್ಟರು ರಕ್ತ ಕಂಡರೆ ತಲೆ ತಿರುಗುವ ಕಳ್ಳ. ನಾನು ಕುಂಟ ಬೇಟೆಗಾರ. ನಮ್ಮ ಹಿಂದಿನ ಕೋಣೆ ನೀವು ನೋಡಿಲ್ಲ. ಹೊಲಿದು ಮುಗಿದ ಹಾಸಿಗೆಗಳ ಅಟ್ಟಿಯ ಮೇಲೆ ಕೂರುತ್ತಿದ್ದೆವು. ಯಂತ್ರ ನಿಲ್ಲಿಸಿದ ಮೇಲೂ ಹಿಂಜಿದ ಅರಳೆ ಬಹಳ ಹೊತ್ತು ಗಾಳಿಯಲ್ಲೇ ಇರುತ್ತದೆ. ಅದು ಇಳಿಯುತ್ತಿರುವಾಗ ಅಣ್ಣ ಮೆಲ್ಲಗೆ ಮಾತು ಶುರು ಮಾಡುತ್ತಿದ್ದ, ನಮಗೆ ಗೋಡೆ ಮರೆತುಹೋಗುತ್ತಿತ್ತು.

ತೇಲುನಾಡಿನ ಮೂಲ ಪುಸ್ತಕ ಒಂದು ದೊಡ್ಡ ನದಿಯ ಹತ್ತಿರ ಮುಗಿಯುತ್ತದೆ. ನಕ್ಷೆಯಲ್ಲಿ ಅದರಾಚೆ ಬರೀ ಬಿಳಿ. ಅಲ್ಲೇನಿದೆ ಎಂಬುದು 'ಆಚೆ ದಡ'ದಲ್ಲಿ ಬರಬೇಕು. ಅಣ್ಣನದು ಒಂದೇ ಹಟ: "ಮಾತು ನಂದು, ನೆಲ ಪುಸ್ತಕದ್ದು. ಅಚ್ಚಾಗದ ನೆಲದ ಮೇಲೆ ಕಾಲಿಡೋದಿಲ್ಲ." ಹಾಗಾಗಿ ನಾವು ಮೂವರೂ ನದಿಯ ಕಟ್ಟೆಯ ಮೇಲೆ ನಿಂತಿದ್ದೇವೆ. ಅಣ್ಣ ನಿಲ್ಲಿಸಿ ಹೋದಲ್ಲೇ ನಿಂತಿದ್ದೇವೆ.

ಪ್ರಕಾಶನದಿಂದ ಏನು ಬಂದರೂ ದಯವಿಟ್ಟು ನನಗೆ ಬರೆಯಿರಿ. ಬೇಡವೆಂದು ಅವರಿಗೆ ತಿಳಿಸಬೇಡಿ. ಅಣ್ಣ ನಮಗೆ ಹೇಳಬೇಕಿದ್ದ ಕಥೆಯಲ್ಲಿ ಉಳಿದದ್ದು ಅದೊಂದೇ. ಆ ಪುಸ್ತಕ ಬರುವ ತನಕ ಅವನು ಪೂರ್ತಿ ಹೋಗಿಲ್ಲ ಅನ್ನಿಸುತ್ತದೆ ನನಗೆ.

ನಿಮ್ಮ ಮೈದುನ


ಮಾರ್ಚ್ 20

ಮರಿಗೆ,

ಇನ್ನೊಂದು ಬಂದಿದೆ. "ಚಿತ್ರಕಾರರು ಚೇತರಿಸಿಕೊಂಡಿದ್ದಾರೆ. ಆದರೆ ಕಾಗದದ ಅಭಾವ ತಲೆದೋರಿರುವುದರಿಂದ..." ಉಳಿದದ್ದು ನೀನೇ ಊಹಿಸಿಕೋ. ನಮ್ಮ ಡಿಪೋದ ಕಂಟ್ರೋಲರು ಹೀಗೇ. ಮೊದಲು ಡ್ರೈವರ್ ಇಲ್ಲ ಅನ್ನುತ್ತಾರೆ, ಡ್ರೈವರ್ ಬಂದ ಮೇಲೆ ಟಯರ್ ಇಲ್ಲ ಅನ್ನುತ್ತಾರೆ. ಜನ ಮಾತ್ರ ನಿಲ್ದಾಣದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತಿರುತ್ತಾರೆ. ನಿಮ್ಮ ಮೂವರನ್ನು ನೆನೆಸಿಕೊಂಡರೆ ನಗು ಬರುತ್ತದೆ, ಪಾಪ ಅನ್ನಿಸುತ್ತದೆ.

ನಿನ್ನ ಕಾಗದ ಓದಿ ಎರಡು ದಿನ ಹಗುರವಾಗಿದ್ದೆ. ಮೂರನೆಯ ದಿನ ಟಿಕೆಟ್ ಹರಿಯುತ್ತಾ ಹರಿಯುತ್ತಾ ನೆನಪಾಯಿತು. ಅವಳು ಮಾತನಾಡದ ಹೆಂಗಸು ಎಂದು ನೀನು ಬರೆದಿದ್ದೀಯ. ಹಾಗಾದರೆ "ಬಾಯಿ ಬಿಟ್ಲು ಅಂದ್ರೆ" ಎಂದು ಅವರು ನಕ್ಕಿದ್ದು ಯಾಕೆ? ಕಾಗೆ ಹಾರಿಸಬೇಡ ಮರಿ. ನಿನ್ನ ಮುಖ ಕಾಣದಿದ್ದರೂ ಕೈಬರಹ ಕಾಣುತ್ತದೆ, ಆ ನಾಲ್ಕು ಸಾಲಿನಲ್ಲಿ ನಿನ್ನ ಕೈ ಜಾರಿದೆ.

ನನ್ನ ಅನುಮಾನ ಏನೆಂದು ಹೇಳಿಬಿಡುತ್ತೇನೆ, ಇನ್ನೇನು ಮುಚ್ಚುಮರೆ. ಬೇರೆ ಹೆಂಗಸಿದ್ದಳು ಎಂದು ಈಗ ಅಂದುಕೊಳ್ಳುತ್ತಿಲ್ಲ. ಆದರೆ ವಾರವಿಡೀ ನನ್ನ ಬಾಯಿಗೆ ಹೆದರಿ, ಶನಿವಾರ ಒಂದು ದಿನ ತಪ್ಪಿಸಿಕೊಂಡು ಬರುತ್ತಿದ್ದರೇನೋ ಎಂದು ಅನ್ನಿಸುತ್ತದೆ. ನನ್ನ ಬಾಯಿ ಎಂಥದ್ದು ಎಂದು ನನಗೆ ಗೊತ್ತು. ಮಾತನಾಡದ ಹೆಂಗಸಿನ ಜೊತೆ ಕೂತಿರುವುದು ಅವರಿಗೆ ಎಷ್ಟು ಸುಖವಾಗಿತ್ತೋ. ಇದೊಂದು ತಿಳಿಯದೆ ನನಗೆ ಸರಿಯಾಗಿ ಅಳಲೂ ಆಗುತ್ತಿಲ್ಲ. ಅಳಲು ಕೂತರೆ ಸಿಟ್ಟು ಬರುತ್ತದೆ.

ಈಗ ಬೆಳಗಿನ ಮೊದಲ ಬಸ್ಸು ನನ್ನದು. ಹತ್ತುವಾಗಲೇ ಅರ್ಧ ಜನ ನಿದ್ದೆಯಲ್ಲಿರುತ್ತಾರೆ. ಆಸ್ಪತ್ರೆಯ ಆಯಾಗಳು, ಹೂವಿನ ಮಾರ್ಕೆಟ್ಟಿನವರು, ರಾತ್ರಿ ಕಾವಲು ಮುಗಿಸಿದವರು. ಕಿಟಕಿಗೆ ತಲೆ ಒರಗಿಸಿ ಮಲಗುತ್ತಾರೆ. ಯಾರು ಎಲ್ಲಿ ಇಳಿಯಬೇಕೋ ನನಗೆ ಗೊತ್ತಿರುತ್ತದೆ, ಒಬ್ಬೊಬ್ಬರನ್ನೇ ಭುಜ ಮುಟ್ಟಿ ಎಬ್ಬಿಸುತ್ತೇನೆ. ಇವತ್ತು ಮಂಜು ಎಷ್ಟಿತ್ತೆಂದರೆ ರಸ್ತೆಯೇ ಇರಲಿಲ್ಲ. ದೀಪದ ಕಂಬಗಳು ನೀರಿನಲ್ಲಿ ನೆಟ್ಟ ಹಾಗಿದ್ದವು. ಇದೇ ನದಿ ಇರಬೇಕು, ಎಲ್ಲೋ ಕಟ್ಟೆಯ ಮೇಲೆ ನೀವು ಮೂವರು ನಿಂತಿರಬೇಕು ಎಂದು ಕಿಟಕಿ ಒರೆಸಿ ನೋಡಿದೆ. ನೋಡು, ನಿನ್ನ ಹುಚ್ಚು ನನಗೂ ಅಂಟಿತು.

ಅತ್ತಿಗೆ


ಏಪ್ರಿಲ್ 2

ಅತ್ತಿಗೆ,

ನೀವು ಕೇಳಿದ್ದಕ್ಕೆ ಉತ್ತರವಿದೆ. ಆದರೆ ಅಣ್ಣನಿಗೆ ಒಂದು ಮಾತು ಕೊಟ್ಟಿದ್ದೇನೆ. ಅವನು ನಿಮ್ಮಿಂದ ತಪ್ಪಿಸಿಕೊಂಡು ಬರುತ್ತಿರಲಿಲ್ಲ ಎಂದಷ್ಟೇ ಬರೆಯಬಲ್ಲೆ. ಬೈಯಬೇಡಿ.

ಅಂಗಡಿಯಲ್ಲಿ ಕೆಲಸ ಹೆಚ್ಚಿದೆ. ಒಂದು ವಸತಿ ಶಾಲೆಯ ದಿಂಬುಗಳೆಲ್ಲ ರಿಪೇರಿಗೆ ಬಂದಿವೆ. ದಬ್ಬಳ ಹಿಡಿದು ಹಿಡಿದು ಬೆರಳು ಮರಗಟ್ಟಿದೆ. ಹಳೆಯ ದಿಂಬು ಬಿಚ್ಚಿದರೆ ಒಳಗೆ ಅರಳೆ ಗಂಟು ಗಂಟಾಗಿರುತ್ತದೆ. ಮಕ್ಕಳ ಕನಸೆಲ್ಲ ಅದರಲ್ಲೇ ಸಿಕ್ಕಿಕೊಂಡಿದೆ ಎಂದು ಅಣ್ಣ ಹೇಳುತ್ತಿದ್ದ, ಹಿಂಜುವಾಗ ಹಾರಿಹೋಗುತ್ತದಂತೆ.

ಡಾಕ್ಟರೂ ಟೀಚರೂ ಹೋದ ಶನಿವಾರ ಬಂದಿದ್ದರು. ಬೇರೆ ಯಾವುದಾದರೂ ಆಟ ಶುರು ಮಾಡೋಣ ಎಂದರು. "ಎಷ್ಟು ದಿನಾಂತ ಕಟ್ಟೆ ಮೇಲೆ ನಿಂತಿರೋದು? ನನ್ನ ಕತ್ತಿವೀರನಿಗೆ ಮಂಡಿ ನೋವು ಬಂತು" ಎಂದರು ಟೀಚರು. ನಾನು ಪುಸ್ತಕ ಬರಲಿ ಎಂದೆ. ಚಹಾ ಕುಡಿದು ಹೊರಟರು, ಈ ವಾರ ಬರಲಿಲ್ಲ.

ನಾವು ಮೂವರೇ ಅಲ್ಲ ಅತ್ತಿಗೆ. ಊರೂರಲ್ಲಿ ಹೀಗೆ ನಿಂತವರಿದ್ದಾರೆ. ಒಬ್ಬ ಬಡಗಿ ಆ ದೋಣಿಯನ್ನು ಅಂಗೈಯಗಲ ಮರದಲ್ಲಿ ಕೆತ್ತಿ ಕಾಯುತ್ತಿದ್ದಾನಂತೆ. ಒಬ್ಬ ಅಜ್ಜಿ ಪ್ರತಿ ತಿಂಗಳು ಪ್ರಕಾಶನಕ್ಕೆ ಒಂದೇ ಪದ ಬರೆದು ಹಾಕುತ್ತಾರಂತೆ, "ಬಂತೇ?" ಎಂದು. ಎಷ್ಟು ಜನರ ನದಿಯೋ ಅದು. ಎಲ್ಲರೂ ಅವರವರ ಕಟ್ಟೆಯ ಮೇಲೆ ನಿಂತು ಒಂದೇ ಮಂಜನ್ನು ನೋಡುತ್ತಿದ್ದೇವೆ. ಮಲಗುವ ಮುಂಚೆ ಅದನ್ನು ನೆನೆಸಿಕೊಂಡರೆ ನನಗೆ ನಿದ್ದೆ ಬರುತ್ತದೆ.

ಮೈದುನ


ಜುಲೈ 9

ಮರಿಗೆ,

ತಡವಾಯಿತು. ಪಾಳಿ ಬದಲಾಯಿತು, ಕಾಲಿಗೆ ಉಳುಕು ಬಂತು, ಹೀಗೇ ಏನೇನೋ. ಟಪಾಲು ಬಂದಿದೆ, ಗಾಬರಿಯಾಗಬೇಡ. ಒಳ್ಳೆಯ ಸುದ್ದಿಯೇ. ನಕಲು ಮಾಡುತ್ತೇನೆ:

"ತೇಲುನಾಡು ಬಳಗಕ್ಕೆ. 'ಆಚೆ ದಡ' ಪುಸ್ತಕ ಬರುತ್ತದೆ. ಸ್ವಲ್ಪ ತಡ ಅಷ್ಟೇ. ದೋಣಿಯ ಚಿತ್ರ ಸಣ್ಣದಾಗಿತ್ತು, ದೊಡ್ಡದು ಬರೆಸುತ್ತಿದ್ದೇವೆ. ಯಾರೂ ತಳ್ಳಾಡಬೇಕಾಗಿಲ್ಲ, ಎಲ್ಲರಿಗೂ ಜಾಗವಿದೆ. ನಿಂತು ಕಾಲು ನೋಯುತ್ತಿದ್ದರೆ ಕೂತುಕೊಳ್ಳಿ. ನಿಮ್ಮನ್ನು ಬಿಟ್ಟು ಯಾರೂ ಹೋಗುವುದಿಲ್ಲ. ಇಂತಿ, ಪ್ರಕಾಶಕರು."

ಸರಿ ತಾನೆ? ಇನ್ನು ನೀನು ನೆಮ್ಮದಿಯಾಗಿರು. ಡಾಕ್ಟರನ್ನೂ ಟೀಚರನ್ನೂ ಚಹಾಕ್ಕೆ ಕರೆ. ಮುಖ ಗಂಟು ಹಾಕಿಕೊಂಡು ಒಬ್ಬನೇ ಕೂರಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅತ್ತಿಗೆ


ಜುಲೈ 17

ಅತ್ತಿಗೆ,

ನಿಮ್ಮ ನಕಲನ್ನು ಓದಿದೆ. ಇನ್ನೊಮ್ಮೆ ಓದಿದೆ. ಆಮೇಲೆ ಯಂತ್ರ ನಿಲ್ಲಿಸಿ ಹಿಂದಿನ ಕೋಣೆಗೆ ಹೋಗಿ, ಗಟ್ಟಿಯಾಗಿ ಓದಿದೆ.

ಪ್ರಕಾಶನದವರು ಹೀಗೆ ಬರೆಯುವುದಿಲ್ಲ. ಪುಸ್ತಕ ಕೈಬಿಟ್ಟರು ಎಂದು ಮೇ ತಿಂಗಳಲ್ಲೇ ಡಾಕ್ಟರು ಎಲ್ಲೋ ಓದಿ ಬಂದು ಹೇಳಿದ್ದರು. ಅದೇ ಸುದ್ದಿಯ ಟಪಾಲು ನಿಮ್ಮ ಮನೆಗೂ ಬಂದು ನಿಮಗೆ ಬೇಜಾರಾಗಿದ್ದೀತು, ನೀವಾಗಿ ಬರೆಯುವ ತನಕ ನಾನು ಬಾಯಿ ಬಿಡಬಾರದು ಎಂದುಕೊಂಡೆ. ನೀವು ನೋಡಿದರೆ ನನಗೆ ಬೇಜಾರಾದೀತು ಎಂದು ಪ್ರಕಾಶಕರೇ ಆಗಿಬಿಟ್ಟಿದ್ದೀರಿ. ಇಬ್ಬರೂ ಒಳ್ಳೆಯ ಜನವೇ ಬಿಡಿ.

"ಯಾರೂ ತಳ್ಳಾಡಬೇಕಾಗಿಲ್ಲ, ಎಲ್ಲರಿಗೂ ಜಾಗವಿದೆ." ಇದನ್ನು ನಾನು ಎಷ್ಟೋ ಶನಿವಾರ ಕೇಳಿದ್ದೇನೆ. ದೋಣಿಗಾತಿ ಹೇಳುತ್ತಿದ್ದಳು.

ಇನ್ನು ಮುಚ್ಚಿಡಲಾರೆ. ಪುಸ್ತಕದಲ್ಲಿ ಅವಳು ಮಾತನಾಡುವುದಿಲ್ಲ, ಅದು ನಿಜ. ಮೊದಲ ಸಲ ಒಂದು ಸಣ್ಣ ಹೊಳೆಯ ಹತ್ತಿರ ಅವಳು ಬಂದಾಗ ಅಣ್ಣ ಆ ನಾಲ್ಕು ಸಾಲು ಓದಿದ. ಬಿಳಿ ಮುಸುಕು, ಮೌನ, ತಣ್ಣನೆ ಗಾಳಿ. ನಾವು ಮೂವರೂ ಉಸಿರು ಬಿಗಿಹಿಡಿದಿದ್ದೆವು. ಅಣ್ಣ ಪುಸ್ತಕ ಮುಚ್ಚಿ, ಸೊಂಟದ ಮೇಲೆ ಕೈಯಿಟ್ಟು, "ದೋಣಿ ನಿಂತ್ಮೇಲೆ ಹತ್ರೀ. ಏನು ಅವಸರ, ಹೊಳೇನ ಯಾರಾದ್ರೂ ಕದ್ಕೊಂಡು ಹೋಗ್ತಾರಾ?" ಎಂದ. ಡಾಕ್ಟರ ಮೂಗಿನಿಂದ ಚಹಾ ಬಂತು. ಅವತ್ತಿನಿಂದ ನಮ್ಮನ್ನು ಒಳನಾಡಿನ ಎಲ್ಲ ಹೊಳೆ ದಾಟಿಸಿದವಳು ಅವಳೇ. ಟೀಚರು ದೊಡ್ಡ ನಾಣ್ಯ ಕೊಟ್ಟರೆ "ಚಿಲ್ಲರೆ ಇಲ್ದೆ ನದೀಗೆ ಯಾಕೆ ಬರ್ತೀರಿ" ಎಂದು ಬೈಯುತ್ತಿದ್ದಳು. ಕಳ್ಳನ ಕೈ ಪಕ್ಕದವನ ಚೀಲದ ಕಡೆ ಹೋದರೆ ದೋಣಿಯ ಹುಟ್ಟಿನಿಂದ ಒಂದು ಕೊಡುತ್ತಿದ್ದಳು.

ಒಂದು ಸಲ ಡಾಕ್ಟರ ಕಳ್ಳನಿಗೆ ಬಾಣ ಬಿದ್ದು ಸಾಯುವ ಹಾಗಾಗಿತ್ತು. ದಾಳವೂ ಕೈಕೊಟ್ಟಿತ್ತು. ದೋಣಿಯಲ್ಲಿ ಮಲಗಿಸಿದ್ದೆವು. ಆಗ ಅವಳು ಹೇಳಿದಳು, "ಕಣ್ಣು ಮುಚ್ಕೊಳ್ರೀ. ನಿಮ್ಮ ಸ್ಟಾಪ್ ಬಂದಾಗ ನಾನು ಎಬ್ಬಿಸ್ತೀನಿ." ಆಟದಲ್ಲಿ ಸ್ಟಾಪ್ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ಮನೆಗೆ ಬಂದ ಮೇಲೆ ನೀವು ದಿನದ ಜಗಳಗಳನ್ನೆಲ್ಲ ಹೇಳುತ್ತಿದ್ದಿರಂತೆ. ಅವನು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದನಂತೆ. ವಾರವಿಡೀ ಕೂಡಿಸಿಟ್ಟುಕೊಂಡು ಶನಿವಾರ ಇಲ್ಲಿಗೆ ತರುತ್ತಿದ್ದ. "ನಿಮ್ಮ ಅತ್ತಿಗೇಗೆ ಹೇಳ್ಬೇಡ ಮರಿ. ಗೊತ್ತಾದ್ರೆ ಅವಳು ಬಾಯಿ ಕಟ್ಕೊಂಡ್ಬಿಡ್ತಾಳೆ. ಆಮೇಲೆ ನಂಗೆ ಮಾತು ಎಲ್ಲಿಂದ ಸಿಗ್ಬೇಕು?" ಎಂದು ಮಾತು ತೆಗೆದುಕೊಂಡಿದ್ದ.

ನೀವು ಒಂದು ಶನಿವಾರವೂ ಇಲ್ಲಿಗೆ ಬಂದಿಲ್ಲ ಅತ್ತಿಗೆ. ಒಂದು ಶನಿವಾರವೂ ನೀವಿಲ್ಲದೆ ಆಟ ನಡೆದಿಲ್ಲ.

ಮೈದುನ


ಆಗಸ್ಟ್ 30

ಮರಿ,

ಇಷ್ಟು ದಿನ ಬರೆಯಲಿಲ್ಲ ಎಂದು ಬೇಸರಿಸಬೇಡ. ನಿನ್ನ ಕಾಗದವನ್ನು ಬಸ್ಸಿನಲ್ಲೇ ಓದಿದೆ. ಎರಡು ಸ್ಟಾಪಿನವರಿಗೆ ಟಿಕೆಟ್ ಕೊಡುವುದೇ ಮರೆತೆ. ಆಮೇಲೆ ಕೊನೆಯ ಸೀಟಿನಲ್ಲಿ ಕೂತು ಅತ್ತೆ. ಸಿಟ್ಟು ಬರಲಿಲ್ಲ. ಡ್ರೈವರು ಕನ್ನಡಿಯಲ್ಲಿ ನೋಡಿ ಬಸ್ಸನ್ನು ಒಂದು ಮರದ ಕೆಳಗೆ ನಿಲ್ಲಿಸಿದ, ಜನರೂ ಏನೂ ಅನ್ನಲಿಲ್ಲ. ಬಾಯಿ ಮುಚ್ಚಿಕೊಂಡಿರಲು ಅವರಿಗೂ ಬರುತ್ತದೆ ಎಂದು ಇಷ್ಟು ವರ್ಷದ ಮೇಲೆ ತಿಳಿಯಿತು.

ನಾನು ಹೇಳುವಾಗ ಅವರು ಪೇಪರ್ ಓದುತ್ತಾ ಕೂತಿರುತ್ತಿದ್ದರು. ಕೇಳಿಸಿಕೊಳ್ಳುತ್ತಿಲ್ಲ ಎಂದು ನಾನು ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ. ಪುಟ ತಿರುಗಿಸುತ್ತಿರಲಿಲ್ಲ ಎಂಬುದು ಈಗ ನೆನಪಾಗುತ್ತಿದೆ.

ನಿಜವಾದ ಟಪಾಲು ಇದು: "'ಆಚೆ ದಡ' ಸಂಪುಟವನ್ನು ಕೈಬಿಡಲಾಗಿದೆ ಎಂದು ವಿಷಾದದಿಂದ ತಿಳಿಸುತ್ತೇವೆ. ನದಿಯ ಆಚೆಗಿನ ಭಾಗವು ಈವರೆಗೆ ಬರೆಯಲ್ಪಟ್ಟಿರಲಿಲ್ಲ." ಕೇಳಿದೆಯಾ? ಚಿತ್ರಕಾರ, ಕಾಗದ ಎಂದು ಮೀನ ಮೇಷ ಎಣಿಸಿದ್ದೆಲ್ಲ ಸುಳ್ಳು. ಅಲ್ಲಿ ಏನೂ ಇರಲೇ ಇಲ್ಲ.

ನಾನು ಅವರ ಪುಸ್ತಕ ತೆಗೆದು ಓದಿದೆ. ಅರ್ಧ ತಿಳಿಯಿತು, ಅರ್ಧ ಇಲ್ಲ. ಆದರೆ ದೋಣಿಗಾತಿ ನಾನೇ ಆದರೆ ದೋಣಿಯೂ ನನ್ನದೇ ಅಲ್ಲವೇ. ಅಚ್ಚಾಗದ ನೆಲಕ್ಕೆ ಹೋಗುವುದಿಲ್ಲ ಎಂಬ ನಿಯಮ ಕಥೆ ನಡೆಸುವವರದ್ದು, ದೋಣಿ ನಡೆಸುವವಳದ್ದಲ್ಲ. ಡಾಕ್ಟರನ್ನೂ ಟೀಚರನ್ನೂ ಕರೆದು ಇಲ್ಲಿಂದ ಮುಂದೆ ಗಟ್ಟಿಯಾಗಿ ಓದು.

ಕಟ್ಟೆಯ ಮೇಲೆ ಬೆಳಕು ಹರಿಯುತ್ತಿದೆ. ಮಂಜಿನೊಳಗಿಂದ ಹುಟ್ಟಿನ ಸದ್ದು ಬರುತ್ತದೆ. ಏನ್ರೀ, ಇನ್ನೂ ಇಲ್ಲೇ ನಿಂತಿದೀರಾ ಮೂರೂ ಜನ? ಕಳ್ಳಪ್ಪ, ನಿನ್ನ ಕೈ ನಿನ್ನ ಜೇಬಲ್ಲೇ ಇರ್ಲಿ. ಕತ್ತಿ ಹಿಡ್ಕೊಂಡಿರೋರೇ, ಅದನ್ನ ಹಾಗೆ ಅಡ್ಡಕ್ಕೆ ಹಿಡಿದ್ರೆ ಪಕ್ಕದೋರ ಕಣ್ಣಿಗೆ ಚುಚ್ಚುತ್ತೆ, ಕೆಳಗಿಡಿ. ಕಾಲು ನೋವಿರೋರು ಮುಂದೆ ಕೂತ್ಕೊಳಿ.

ಇದನ್ನು ಬೆಳಗಿನ ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿದರೆ ರಸ್ತೆಯ ತಪ್ಪು. ದೋಣಿ ಹೊರಟಿತು. ನೀರಿಗೆ ಬಣ್ಣವಿಲ್ಲ. ಬಗ್ಗಿ ನೋಡಿದರೆ ಕೆಳಗೆ ಬೀದಿಗಳು ಕಾಣುತ್ತವೆ, ಮುಚ್ಚಿದ ಅಂಗಡಿಗಳು, ಒಣಹಾಕಿದ ಬಟ್ಟೆಗಳು, ಎಲ್ಲ ನಿಧಾನಕ್ಕೆ ಅಲುಗಾಡುತ್ತವೆ. ಅಕ್ಕಪಕ್ಕದಲ್ಲಿ ಬೇರೆ ದೋಣಿಗಳೂ ಹೋಗುತ್ತಿವೆ. ಒಂದರಲ್ಲಿ ಬಡಗಿ ಇದ್ದಾನೆ. ಒಂದರಲ್ಲಿ ಅಜ್ಜಿ ಕೈ ಬೀಸುತ್ತಿದ್ದಾರೆ. ನೀರು ಎಷ್ಟು ಮೆತ್ತಗಿದೆ ಎಂದರೆ ಹುಟ್ಟು ಹಾಕಿದ್ದೇ ಗೊತ್ತಾಗುವುದಿಲ್ಲ. ಈಗ ನಡುನದಿಗೆ ಬಂದಿದ್ದೇವೆ. ಏನು ಮಾಡುತ್ತೀರಿ, ಬರೆಯಿರಿ.

ಅತ್ತಿಗೆ


ಸೆಪ್ಟೆಂಬರ್ 15

ಅತ್ತಿಗೆ,

ಕಳೆದ ಶನಿವಾರ ಮೂವರೂ ಹಾಸಿಗೆಗಳ ಮೇಲೆ ಕೂತಿದ್ದೆವು. ನಾನು ಓದಿದೆ. "ಕಳ್ಳಪ್ಪ" ಎಂದು ಓದಿದಾಗ ಡಾಕ್ಟರು ಎರಡೂ ಕೈಯನ್ನು ನಿಜವಾಗಿಯೂ ಜೇಬಿಗೆ ಹಾಕಿಕೊಂಡರು. ಟೀಚರು ಮಾತ್ರ, "ಕತ್ತಿ ಕೆಳಗಿಡಲ್ಲ, ಬೇಕಾದ್ರೆ ಮಡಿಲಲ್ಲಿ ಇಟ್ಕೋತೀನಿ" ಎಂದು ವಾದಕ್ಕೆ ನಿಂತರು. ನೀರಿನ ಕೆಳಗಿನ ಬೀದಿ ಬಂದಾಗ ಇಬ್ಬರೂ ಹಾಸಿಗೆಯ ಅಂಚಿನಿಂದ ಕೆಳಗೆ ಬಗ್ಗಿ ನೋಡಿದರು. ಅರಳೆ ಇಳಿಯುತ್ತಿತ್ತು.

ನಡುನದಿಯಲ್ಲಿ ಕಳ್ಳ ನಿದ್ದೆ ಹೋದ. ಕತ್ತಿವೀರ ಅಜ್ಜಿಗೆ ತಿರುಗಿ ಕೈ ಬೀಸಿದ. ನನ್ನ ಬೇಟೆಗಾರ ಮಾಡುವುದು ಇದು:

ಬೇಟೆಗಾರ ಮುಂದಿನ ಸೀಟಿನಲ್ಲಿ ಎದ್ದು ನಿಲ್ಲುತ್ತಾನೆ. ಮಂಜಿನಾಚೆ ದಡ ಕಾಣುವ ತನಕ ನೋಡುತ್ತಾನೆ. ಕಂಡ ಮೇಲೆ ಅಲ್ಲಿ ನಿಂತವರಲ್ಲಿ ಅಣ್ಣನನ್ನು ಹುಡುಕುತ್ತಾನೆ.

ದಾಳ ಹಾಕಿದೆ. ಇಪ್ಪತ್ತು ಬಿತ್ತು. ಡಾಕ್ಟರೂ ಟೀಚರೂ ನೋಡಿದ್ದಾರೆ, ಬೇಕಾದರೆ ಸಹಿ ಹಾಕುತ್ತಾರಂತೆ. ಇಪ್ಪತ್ತು ಬಿದ್ದರೆ ನಿಯಮ ಏನೆಂದು ನೀವು ಓದಿರಬಹುದು. ಕಥೆ ನಡೆಸುವವರು ಏನನ್ನೂ ಮುಚ್ಚಿಡುವಂತಿಲ್ಲ. ಬೇಟೆಗಾರನಿಗೆ ಅಲ್ಲಿರುವುದೆಲ್ಲ ಕಾಣಲೇಬೇಕು.

ಅವನು ಅಲ್ಲಿದ್ದಾನೆ ಎಂದು ನೀವು ಒಂದು ಸಾಲು ಬರೆದರೆ ಸಾಕು. ಅವನು ಏನೂ ಮಾತನಾಡದಿದ್ದರೂ ನಡೆಯುತ್ತದೆ. ಸುಮ್ಮನೆ ನಿಂತಿದ್ದರೆ ಸಾಕು ನನಗೆ.

ಮೈದುನ


ಅಕ್ಟೋಬರ್ 21

ಮರಿ,

ನೀನು ಒಂದು ಸಾಲು ಕೇಳಿದ್ದೆ. ನಾನು ಎರಡು ಹಾಳೆ ಬರೆದೆ. ಅದರಲ್ಲಿ ಅವರು ಕಂದು ಬಣ್ಣದ ಸ್ವೆಟರ್ ಹಾಕಿಕೊಂಡು ದಡದಲ್ಲಿ ನಿಂತಿದ್ದರು. ಕಂಕುಳಲ್ಲಿ ಪೇಪರ್ ಇತ್ತು. ನಿನ್ನನ್ನು ನೋಡಿ, "ಏನೋ ಮರಿ, ಇಷ್ಟು ತಡಾನಾ?" ಎಂದರು. ನನ್ನನ್ನು ನೋಡಿ ನಕ್ಕರು. ತುಂಬ ಚೆನ್ನಾಗಿ ಬಂದಿತ್ತು. ಒಂದು ವಾರ ದಿಂಬಿನ ಕೆಳಗಿಟ್ಟುಕೊಂಡು ಓದಿದೆ. ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಬೇಕು ಅನ್ನಿಸುವುದೇ ನಿಂತುಹೋಯಿತು. ಒಂದು ದಿನ ರಜೆ ಹಾಕಿದೆ, ಇನ್ನೊಂದು ದಿನವೂ ಹಾಕಿದೆ. ದೋಣಿಯನ್ನು ಅಲ್ಲೇ ಕಟ್ಟಿ ನಾನೂ ಅಲ್ಲೇ ಕೂತುಬಿಡುತ್ತಿದ್ದೆ ಎಂದು ಗೊತ್ತಾಯಿತು. ನೀನಂತೂ ಕೂತೇ ಬಿಡುತ್ತೀಯ. ಹಾಳೆಗಳನ್ನು ಹರಿದುಹಾಕಿದೆ.

ನಿಯಮವನ್ನು ಓದಿದ್ದೇನೆ. ಇಪ್ಪತ್ತು ಬಿದ್ದಿದೆ, ನಾನು ಸುಳ್ಳು ಹೇಳುವಂತಿಲ್ಲ. ಓದು.

ಮಂಜು ಕರಗುತ್ತದೆ. ಬೇಟೆಗಾರನ ಕಣ್ಣಿಗೆ ಇಡೀ ದಡ ಕಾಣುತ್ತದೆ. ಬಲೆ ಒಣಹಾಕುತ್ತಿರುವ ಹೆಂಗಸು ಕಾಣುತ್ತಾಳೆ, ಅವಳ ಎಡಗೈಯ ಬಳೆ ಕಾಣುತ್ತದೆ. ಹಗ್ಗಕ್ಕಾಗಿ ಜಗಳವಾಡುತ್ತಿರುವ ಇಬ್ಬರು ಕಾಣುತ್ತಾರೆ. ಏಣಿ ಹೊತ್ತವನು, ಮಗುವಿನ ಮೂಗು ಒರೆಸುತ್ತಿರುವವಳು, ಮೆಟ್ಟಿಲ ಮೇಲೆ ತೂಕಡಿಸುತ್ತಿರುವ ಮುದುಕ, ಅವರ ಹಿಂದೆ ಬೀದಿ, ಬೀದಿಯ ಕೊನೆಯ ಮನೆಯ ಕಿಟಕಿಯಲ್ಲಿ ತಲೆ ಬಾಚಿಕೊಳ್ಳುತ್ತಿರುವ ಹುಡುಗ. ಒಂದು ಮುಖವೂ ತಪ್ಪದೆ ಕಾಣುತ್ತದೆ.

ನಿಮ್ಮಣ್ಣ ಅಲ್ಲಿಲ್ಲ.

ದೋಣಿಗಾತಿಯೂ ಹುಟ್ಟು ನಿಲ್ಲಿಸಿ ನೋಡಿದಳು. ಎರಡು ಸಲ ನೋಡಿದಳು. ಅವಳಿಗೂ ಕಾಣಲಿಲ್ಲ.

ನಿನಗೆ ಎಷ್ಟು ನೋವಾಗುತ್ತಿದೆಯೋ ನನಗೂ ಅಷ್ಟೇ ಆಗುತ್ತಿದೆ, ಇದನ್ನು ಬರೆಯುವಾಗ. ಡಾಕ್ಟರೂ ಟೀಚರೂ ಪಕ್ಕದಲ್ಲಿದ್ದರೆ ಅವರ ಎದುರಿಗೇ ಅತ್ತುಬಿಡು. ಆಮೇಲೆ ಮುಂದೆ ಓದು, ಇನ್ನು ಸ್ವಲ್ಪವೇ ಇದೆ.

ದೋಣಿ ದಡಕ್ಕೆ ತಾಗಿತು. ಕಳ್ಳನನ್ನು ಎಬ್ಬಿಸಿದ್ದೇನೆ. ಕತ್ತಿವೀರ ಇಳಿದು ಮಂಡಿ ನೀವಿಕೊಳ್ಳುತ್ತಿದ್ದಾನೆ. ಬೇಟೆಗಾರ ಇನ್ನೂ ನಿಂತೇ ಇದ್ದಾನೆ, ಒಂದು ಕಾಲು ದೋಣಿಯಲ್ಲಿ. ಬಲೆಯ ಹೆಂಗಸು ಕೈ ಒರೆಸಿಕೊಂಡು ನೀರಿನವರೆಗೆ ಬಂದಿದ್ದಾಳೆ. ಈ ದಡಕ್ಕೆ ಹೊಸಬರು ಬಂದು ಬಹಳ ಕಾಲವಾಯಿತಂತೆ. ಅವಳು ಅವನನ್ನೇ ನೋಡಿ ಕೇಳುತ್ತಿದ್ದಾಳೆ, "ಯಾರ ಮನೆಗೆ ಬಂದ್ರಿ?"

ಉತ್ತರ ಕೊಡು ಮರಿ. ಅವಳು ಕಾಯುತ್ತಿದ್ದಾಳೆ.

ಅತ್ತಿಗೆ